ಸವೆದ ಜಾಗ ನೋಡಿ ಸಾರ್

ಮೈಸೂರಿನ ಮಂಡಿ ಮೊಹಲ್ಲಾದ ಗ್ಯಾರೇಜಿನಲ್ಲಿ, ಮಗುಚಿಟ್ಟ ಆಯಿಲ್ ಡಬ್ಬದ ಮೇಲೆ ಕೂತಿದ್ದೀರಿ. ಗುಜರಿಯಿಂದ ಕೆಜಿ ಲೆಕ್ಕಕ್ಕೆ ತಂದ ಸಾಮಾನಿನ ಜತೆ ಬಂದ ಉಕ್ಕಿನ ತುಂಡೊಂದು ಎದುರಿನ ಟ್ರೇನಲ್ಲಿ ಡೀಸೆಲ್‌ನಲ್ಲಿ ನೆನೆಯುತ್ತಿದೆ. ಮೆಕ್ಯಾನಿಕ್ ಅದನ್ನೆತ್ತಿ ವೈರ್ ಬ್ರಷ್‌ನಿಂದ ಉಜ್ಜಿ, ಬನಿಯನ್ ವೇಸ್ಟಿನಲ್ಲಿ ಒರೆಸುತ್ತಾರೆ. ಜಿಡ್ಡು ಹೋದರೂ ನಂಬರಾಗಲಿ ಅಕ್ಷರವಾಗಲಿ ಕಾಣದು. ಶಾಫ್ಟ್ ಕೂರಲು ಒಂದು ರಂಧ್ರ. ಅಂಚಿನಲ್ಲೊಂದು ತಗ್ಗು, ಅದರ ಎರಡೂ ಪಕ್ಕ ಏರು.

‘ಬುಲೆಟ್ಟಿನದಾ?’ ಎನ್ನುತ್ತೀರಿ.

ಉತ್ತರದ ಬದಲು ವರ್ನಿಯರ್ ಹೊರಬರುತ್ತದೆ. ಅಳತೆ ಮಿಲಿಮೀಟರಿನಲ್ಲಿ ಸರಿಯಾಗಿ ಕೂರುತ್ತದೆ. ‘ಬುಲೆಟ್ ಮರ್ತ್‌ಬಿಡಿ ಸಾರ್, ಅದು ಇಂಚಿನ ಗಾಡಿ.’ ನಿಜ. 1955ರಿಂದ ಮದರಾಸಿನಲ್ಲಿ ತಯಾರಾದರೂ ಬುಲೆಟ್ ಇಂಗ್ಲೆಂಡಿನ ಕೂಸು. ಮೆಟ್ರಿಕ್ ಎಂದರೆ ಪೋಲೆಂಡ್ ಮೂಲದ ರಾಜ್‌ದೂತ್ ಇರಬಹುದು, ಇಲ್ಲವೇ ಚೆಕ್ ಮೂಲದ ಜಾವಾ. ಎರಡೂ ಟೂ ಸ್ಟ್ರೋಕ್.

ತೊಡಕು ಅಲ್ಲೇ ಇದೆ. ತುಂಡು ನೋಡಿದರೆ ಕ್ಯಾಮ್. ಟೂ ಸ್ಟ್ರೋಕಿನ ಈ ಗಾಡಿಗಳಲ್ಲಿ ವಾಲ್ವೇ ಇಲ್ಲ. ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಪೋರ್ಟುಗಳನ್ನು ತೆರೆದು ಮುಚ್ಚುತ್ತದೆ. ಹಾಗಾದರೆ ಈ ಕ್ಯಾಮ್ ಎತ್ತುತ್ತಿದ್ದುದು ಯಾರನ್ನು? ಇಗ್ನಿಷನ್ ಪಾಯಿಂಟ್ ತೆರೆಯುವ ಕ್ಯಾಮ್ ಇಷ್ಟು ದಪ್ಪ ಇರುವುದಿಲ್ಲ.

‘ಸವೆದ ಜಾಗ ನೋಡಿ ಸಾರ್.’

ಬಾಗಿಲ ಬಿಸಿಲಿಗೆ ಹಿಡಿದು ಉಗುರು ಆಡಿಸುತ್ತೀರಿ. ತಗ್ಗಿನಲ್ಲೂ ಎರಡೂ ಏರುಗಳಲ್ಲೂ ಕಿರಿದಾದ ಹೊಳೆಯುವ ಪಟ್ಟಿ. ಉಳಿದ ಸುತ್ತಳತೆ ಮಾತ್ರ ಕಪ್ಪಾಗೇ ಇದೆ. ಇದು ಗಿರಗಿರ ಸುತ್ತಿದ ಕ್ಯಾಮ್ ಆಗಿದ್ದರೆ ಸುತ್ತಲೂ ಸವೆಯುತ್ತಿತ್ತು. ಇದು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಹೊರಳಿ ಮತ್ತೆ ನಡುವಿಗೆ ಬರುತ್ತಿತ್ತು. ಬೈಕಿನಲ್ಲಿ ಹಾಗೆ ಮೇಲಕ್ಕೂ ಕೆಳಕ್ಕೂ ಹೋಗಿ ನಡುವಿಗೆ ಮರಳುವುದು ಯಾವುದು?

‘ಗೇರ್ ಲಿವರ್!’ ಪಂಕ್ಚರ್ ಹಾಕುತ್ತಿದ್ದ ಹುಡುಗ ಅಲ್ಲಿಂದಲೇ ಕೂಗುತ್ತಾನೆ.

‘ನೋಡಿ, ಅವನೇ ಹೇಳ್ಬಿಟ್ಟ.’

ಜಾವಾ 250ರಲ್ಲಿ ಓಡುತ್ತಿರುವಾಗ ಗೇರ್ ಬದಲಿಸಲು ಎಡಗೈ ಬೇಕಿಲ್ಲ. ಕಾಲಿನಿಂದ ಲಿವರ್ ಒತ್ತಿದೊಡನೆ ಈ ಕ್ಯಾಮ್ ಹೊರಳಿ ಕ್ಲಚ್ಚನ್ನೂ ಬಿಡಿಸುತ್ತದೆ. ಅದೇ ಲಿವರನ್ನು ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್. ಒಂದು ಲಿವರಿಗೆ ಒಂದೇ ಕೆಲಸ ಕೊಡುವುದು ದುಂದುವೆಚ್ಚ ಅಂತ ಚೆಕ್ ಇಂಜಿನಿಯರುಗಳಿಗೆ ಅನ್ನಿಸಿತ್ತೋ ಏನೋ!

ಬೆಂಚಿನ ಮೇಲೆ ಬಿಚ್ಚಿಟ್ಟ ಯೆಜ್ಡಿ ಇಂಜಿನ್ನಿಗೆ ತುಂಡನ್ನು ಕೂರಿಸುತ್ತಾರೆ. ಲಿವರ್ ಒತ್ತಿದಾಗ ಪುಟ್ಟ ರೋಲರ್ ತಗ್ಗಿನಿಂದ ಏರು ಹತ್ತುತ್ತದೆ. ಮೇಲೆತ್ತಿದಾಗ ಇನ್ನೊಂದು ಏರು.

‘ಜಾವಾದೋ, ಯೆಜ್ಡಿಯದೋ?’

‘ಟ್ಯಾಂಕ್ ಮೇಲಿನ ಹೆಸರು ಬದಲಾಯ್ತು ಸಾರ್, ಈ ಏರ್ಪಾಟು ಬದಲಾಗ್ಲಿಲ್ಲ.’ ಇಲ್ಲಿನ ಯಾದವಗಿರಿಯ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಜಾವಾ, ಆಮೇಲೆ 1996ರಲ್ಲಿ ಬಾಗಿಲು ಹಾಕುವವರೆಗೆ ಯೆಜ್ಡಿ.

ಅವರು ಮತ್ತೊಮ್ಮೆ ಲಿವರ್ ಒತ್ತಿ, ಕ್ಲಚ್ ಪ್ಲೇಟುಗಳ ನಡುವೆ ಬೆಳಕು ಹಾಯಿಸಿ ತಲೆಯಾಡಿಸುತ್ತಾರೆ. ಏರು ಸವೆದು ಎತ್ತರ ಕಮ್ಮಿಯಾಗಿದೆ. ಪ್ಲೇಟು ಪೂರ್ತಿ ಬಿಡುತ್ತಿಲ್ಲ. ಹೀಗೇ ಹಾಕಿದರೆ ಪ್ರತಿ ಗೇರಿಗೂ ಕಟಕಟ.

‘ಮರಿ, ವೆಲ್ಡಿಂಗ್ ಅಂಗ್ಡಿಗೆ ತಗೊಂಡ್ಹೋಗು. ಎರಡೂ ಏರಿಗೆ ಒಂದೊಂದು ಪದರ ತುಂಬಿಸ್ಲಿ. ತಗ್ಗಿಗೆ ಬೀಳಬಾರ್ದು ಅಂತ ಹೇಳು, ಗ್ರೈಂಡಿಂಗ್ ನಾನೇ ಮಾಡ್ಕೋತೀನಿ.’