ಪಾಲಕ್ಕಾಡಿನಿಂದ ತಮ್ಮನಿಗೆ

ಪಾಲಕ್ಕಾಡ್
ಬುಧವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ನಿನ್ನ ಮೆಸೇಜು ನಾನು ರೈಲಿನಲ್ಲಿದ್ದಾಗಲೇ ಬಂತು. ಡೈರಿಗೆ ಫ್ಲೋ ಮೀಟರ್ ಕೊಳ್ಳುವ ಕೆಲಸ ನಿನ್ನ ತಲೆಗೆ ಬಿದ್ದಿದೆ, ಕೊಟೇಶನ್ನುಗಳು ಕೈಯಲ್ಲಿವೆ, ‘ಯಾವುದು ಒಳ್ಳೇದು ಹೇಳಕ್ಕ’ ಅಂತ ಒಂದೇ ಸಾಲು. ಅದಕ್ಕೆ ಒಂದು ಸಾಲಿನ ಉತ್ತರ ಇಲ್ಲ ಕಣೋ. ಅದಕ್ಕೇ ಊಟ ಮುಗಿಸಿ ಕಾಗದ ಹಿಡಿದು ಕೂತಿದ್ದೇನೆ.

ಕೊಯಮತ್ತೂರು ದಾಟಿ ವಾಳಯಾರ್ ಬರುತ್ತಿದ್ದಂತೆ ಎರಡೂ ಕಡೆ ಕಾಡು. ಆನೆಗಳು ಹಳಿ ದಾಟುವ ಜಾಗ ಅದು. ಅಲ್ಲಿಂದ ಮುಂದೆ ಪಶ್ಚಿಮ ಘಟ್ಟದ ಸಾಲೇ ತುಂಡಾಗಿ ಮೈಲುಗಟ್ಟಲೆ ಬಯಲು, ತಾಳೆಮರಗಳು, ಬಿಡದೆ ಬೀಸುವ ಗಾಳಿ. ಹೈದರಾಲಿ 1766ರಲ್ಲಿ ಕಟ್ಟಿಸಿದ ಕೋಟೆ ಊರ ನಡುವೆ ಇನ್ನೂ ಗಟ್ಟಿಮುಟ್ಟಾಗಿದೆ. ನನ್ನ ಕೆಲಸ ಇರೋದು ಊರಾಚೆ ಕಂಜಿಕೋಡಿನಲ್ಲಿ, ಫ್ಲೂಯಿಡ್ ಕಂಟ್ರೋಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ. ಎಲ್ಲರೂ ಎಫ್‌ಸಿಆರ್‌ಐ ಅನ್ನುತ್ತಾರೆ. 1987ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ನಮ್ಮ ಕಾರ್ಖಾನೆಯ ಮೀಟರುಗಳನ್ನು ಕ್ಯಾಲಿಬ್ರೇಷನ್ನಿಗೆ ತಂದಿದ್ದೇನೆ.

ನೀರಿನ ಮೀಟರನ್ನು ಪರೀಕ್ಷಿಸುವ ತೂಕದ ವಿಧಾನ ನೋಡಿದರೆ ಇಷ್ಟೇನಾ ಅನ್ನಿಸುತ್ತದೆ. ಮೀಟರಿನಲ್ಲಿ ಒಂದೇ ಸಮನೆ ನೀರು ಹರಿಸುತ್ತಾರೆ. ಹರಿವು ನೆಲೆನಿಂತ ಮೇಲೆ ಧಾರೆಯನ್ನು ತಟ್ಟನೆ ತಕ್ಕಡಿಯ ಮೇಲಿನ ತೊಟ್ಟಿಗೆ ತಿರುಗಿಸುತ್ತಾರೆ. ಗಡಿಯಾರವೂ ಅದೇ ಕ್ಷಣಕ್ಕೆ ಓಡಲು ಶುರು. ಕೊನೆಗೆ ಎಷ್ಟು ತೂಕ, ಎಷ್ಟು ಸೆಕೆಂಡು, ಮೀಟರ್ ಏನಂದಿತು ಅಂತ ತಾಳೆ ನೋಡುವುದು. ನೀರಿನ ಸುತ್ತಲ ಗಾಳಿ ಅದನ್ನು ಚೂರು ಮೇಲಕ್ಕೆತ್ತುತ್ತದೆ, ಅದರಿಂದ ತೂಕ ಸಾವಿರಕ್ಕೆ ಒಂದರಷ್ಟು ಕಡಿಮೆ ಕಾಣುತ್ತದೆ. ಆ ಲೆಕ್ಕವನ್ನೂ ಇಂಥ ಕಡೆ ಬಿಡುವುದಿಲ್ಲ.

ಈಗ ನಿನ್ನ ವಿಷಯ. ಕೊಟೇಶನ್ ಪಕ್ಕಕ್ಕಿಟ್ಟು ಪೈಪಿನೊಳಗೆ ಏನು ಹರಿಯುತ್ತದೆ ಅಂತ ಮೊದಲು ಬರೆದುಕೋ. ನಿಮ್ಮಲ್ಲಿ ಹಾಲಿದೆ, ಆವಿ ಇದೆ, ಬಾಯ್ಲರಿನ ಎಣ್ಣೆ ಇದೆ, ತೊಳೆದ ಕೊಳಕು ನೀರಿದೆ. ಈ ನಾಲ್ಕಕ್ಕೂ ಒಂದೇ ಜಾತಿಯ ಮೀಟರ್ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಕಾಫಿ ಕೊಟ್ಟು ಕಳಿಸು.

ಹಾಲಿಗೂ ಕೊಳಕು ನೀರಿಗೂ ಮ್ಯಾಗ್ನೆಟಿಕ್ ಮೀಟರ್ ಹೊಂದುತ್ತದೆ. ಕಾಂತಕ್ಷೇತ್ರ ದಾಟಿ ಹರಿಯುವ ದ್ರವದಲ್ಲಿ ವೇಗಕ್ಕೆ ತಕ್ಕ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1832ರಲ್ಲಿ ಲಂಡನ್ನಿನ ವಾಟರ್ಲೂ ಸೇತುವೆಯಿಂದ ಥೇಮ್ಸ್ ನದಿಗೆ ತಾಮ್ರದ ತಗಡು ಇಳಿಬಿಟ್ಟು ಇದನ್ನೇ ಅಳೆಯಲು ಹೋಗಿ ಕೈಸುಟ್ಟುಕೊಂಡ. ಇವತ್ತು ಅದೇ ತತ್ವ ಕಾರ್ಖಾನೆ ಕಾರ್ಖಾನೆಯಲ್ಲೂ ಇದೆ. ಒಳಗೆ ತಿರುಗುವ ಭಾಗವಿಲ್ಲ, ಅಡ್ಡಿ ಇಲ್ಲ, ತೊಳೆಯುವುದು ಸುಲಭ. ಆದರೆ ದ್ರವದಲ್ಲಿ ವಿದ್ಯುತ್ ಹರಿಯಬೇಕು, ಸಾಮಾನ್ಯವಾಗಿ ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್ ಆದರೂ ಬೇಕು. ಹಾಲಿನಲ್ಲಿ ಅದರ ನೂರಾರು ಪಟ್ಟು ಇರುತ್ತದೆ. ಎಣ್ಣೆಯಲ್ಲಿ ಇಲ್ಲವೇ ಇಲ್ಲ. ಆವಿ ತಣಿದು ಬಂದ ಕಂಡೆನ್ಸೇಟಿನಲ್ಲಿ ಉಪ್ಪೇ ಇರುವುದಿಲ್ಲವಾದ್ದರಿಂದ ಅಲ್ಲಿಯೂ ಇದನ್ನು ನಂಬಬೇಡ. ಎಣ್ಣೆಗೆ ಪೆಟ್ರೋಲ್ ಬಂಕಿನಲ್ಲಿರುವಂತೆ ಅಳತೆ ಅಳತೆಯಾಗಿ ತುಂಬಿ ದಾಟಿಸುವ ಮೀಟರ್ ಸಾಕು, ಅದಕ್ಕೆ ಮೊದಲು ಒಂದು ಫಿಲ್ಟರ್ ಇರಲಿ.

ಹಾಲಿನ ಕಷ್ಟ ಬೇರೆಯದು. ಟ್ಯಾಂಕರ್ ಖಾಲಿಯಾಗುವ ಹೊತ್ತಿಗೆ ಪಂಪು ಗಾಳಿಯನ್ನೂ ಎಳೆಯುತ್ತದೆ. ಮೀಟರ್ ಆ ಗಾಳಿಯನ್ನೂ ಹಾಲೆಂದೇ ಎಣಿಸುತ್ತದೆ. ಮೊದಲು ಗಾಳಿ ಬೇರ್ಪಡಿಸುವ ಪಾತ್ರೆ ಕೂರಿಸದೆ ದುಬಾರಿ ಮೀಟರ್ ಕೊಂಡರೆ ದುಡ್ಡು ದಂಡ. ಇನ್ನೊಂದು, ಸಾವಿರ ಲೀಟರ್ ಹಾಲು ಸುಮಾರು 1030 ಕೆ.ಜಿ. ತೂಗುತ್ತದೆ. ನೀವು ಲೆಕ್ಕ ಇಡುವುದು ಲೀಟರಿನಲ್ಲೋ ಕೆ.ಜಿ.ಯಲ್ಲೋ ಕೇಳಿಕೋ. ತೂಕವನ್ನೇ ನೇರವಾಗಿ ಹೇಳುವ ಕೊರಿಯೋಲಿಸ್ ಮೀಟರ್ ಇದೆ, ಸಾಂದ್ರತೆಯನ್ನೂ ಹೇಳುತ್ತದೆ. ಬೆಲೆ ಮಾತ್ರ ಕೇಳಬೇಡ. ಹೊರಗೆ ಲಾರಿ ತೂಕದ ವೇಬ್ರಿಡ್ಜ್ ಇದ್ದರೆ ಒಳಗೆ ಮ್ಯಾಗ್ನೆಟಿಕ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಆವಿಗೆ ವೋರ್ಟೆಕ್ಸ್. ಶ್ರೀರಂಗಪಟ್ಟಣದ ಸೇತುವೆ ಕಂಬಗಳ ಹಿಂದೆ ಒಮ್ಮೆ ಈ ಪಕ್ಕ ಒಮ್ಮೆ ಆ ಪಕ್ಕ ಸುಳಿ ಏಳುವುದನ್ನು ನೋಡಿದ್ದೀಯಲ್ಲ, ಪೈಪಿನೊಳಗೂ ಒಂದು ಗಿಡ್ಡ ಕಂಬ ನಿಲ್ಲಿಸಿ ಆ ಸುಳಿಗಳನ್ನು ಎಣಿಸುತ್ತಾರೆ. ಹರಿವು ತೀರ ಇಳಿದರೆ ಸುಳಿಯೇ ಸರಿಯಾಗಿ ಏಳುವುದಿಲ್ಲ. ರಾತ್ರಿ ಪಾಳಿಯಲ್ಲಿ ಆವಿ ಹೋಗುತ್ತಲೇ ಇರುತ್ತದೆ, ಮೀಟರ್ ಸೊನ್ನೆ ತೋರಿಸುತ್ತದೆ. ಒತ್ತಡವನ್ನೂ ಮರೆಯಬೇಡ. 10 ಬಾರ್‌ಗೆ ಹೊಂದಿಸಿದ ಮೀಟರಿನಲ್ಲಿ 7 ಬಾರ್ ಆವಿ ಹರಿದರೆ, ಸಾಂದ್ರತೆ ಇಳಿದದ್ದು ಅದಕ್ಕೆ ಗೊತ್ತಾಗದೆ, ಇರುವುದಕ್ಕಿಂತ ಮೂರನೇ ಒಂದು ಭಾಗ ಹೆಚ್ಚು ತೋರಿಸುತ್ತದೆ. ಒತ್ತಡ ನೋಡಿ ತಾನೇ ತಿದ್ದಿಕೊಳ್ಳುವಂಥದ್ದನ್ನು ಕೇಳು.

ಎಲ್ಲರೂ ಎಡವುವುದು ಸೈಜಿನಲ್ಲಿ. ಪೈಪು ನಾಲ್ಕಿಂಚು, ಆದ್ದರಿಂದ ಮೀಟರೂ ನಾಲ್ಕಿಂಚು ಅನ್ನುತ್ತಾರೆ. ನಿಮ್ಮ ಹರಿವು ಗಂಟೆಗೆ 10 ಘನ ಮೀಟರ್ ಅಂದುಕೋ. 100 ಮಿ.ಮೀ. ಪೈಪಿನಲ್ಲಿ ವೇಗ ಸೆಕೆಂಡಿಗೆ 0.35 ಮೀಟರ್ ಬರುತ್ತದೆ, ತೀರ ನಿಧಾನ. ಅದನ್ನೇ 50 ಮಿ.ಮೀ. ಮೀಟರಿಗೆ ಇಳಿಸಿದರೆ 1.4 ಮೀಟರ್, ಹಿತವಾದ ವೇಗ. ರಿಡ್ಯೂಸರ್ ಹಾಕಿಸು, ಮೀಟರಿನ ಬೆಲೆಯೂ ಇಳಿಯುತ್ತದೆ. ನಿಖರತೆಯ ಸಾಲನ್ನು ಕನ್ನಡಕ ಹಾಕಿಕೊಂಡು ಓದು. ‘ಪೂರ್ಣ ಅಳತೆಯ 1%’ ಅಂದರೆ 100 ಘನ ಮೀಟರಿನ ಮೀಟರಿನಲ್ಲಿ 1 ಘನ ಮೀಟರ್ ತಪ್ಪು ಯಾವಾಗಲೂ ಇರಬಹುದು. ನೀನು 10 ಮಾತ್ರ ಹರಿಸುತ್ತಿದ್ದರೆ ಅದು ಹತ್ತು ಪರ್ಸೆಂಟ್. ‘ತೋರಿಸಿದ ಅಳತೆಯ 1%’ ಅನ್ನುವುದು ಬೇರೆಯೇ ಮಾತು.

ಕೂರಿಸುವ ಜಾಗ ಸರಿಯಿಲ್ಲದಿದ್ದರೆ ಇಲ್ಲಿ ಪಡೆದ ಸರ್ಟಿಫಿಕೇಟೂ ಗೋಡೆಗೆ ಅಂಟಿಸುವ ಕಾಗದ. ಬೆಂಡು, ವಾಲ್ವ್ ದಾಟಿದ ತಕ್ಷಣ ಹರಿವು ತಿರುಚಿಕೊಂಡಿರುತ್ತದೆ. ಮ್ಯಾಗ್ನೆಟಿಕ್ಕಿಗೆ ಮೊದಲು ಪೈಪಿನ ವ್ಯಾಸದ ಐದು ಪಟ್ಟಾದರೂ ನೇರ ಉದ್ದ ಬಿಡು, ವೋರ್ಟೆಕ್ಸಿಗೆ ಇಪ್ಪತ್ತರಷ್ಟು ಬಿಟ್ಟರೆ ವಾಸಿ. ಮೀಟರ್ ಸದಾ ತುಂಬಿರುವ ಜಾಗದಲ್ಲಿರಲಿ, ಮೇಲಕ್ಕೆ ಹರಿಯುವ ನಿಂತ ಪೈಪಾದರೆ ಒಳ್ಳೆಯದು. ಅರ್ಥಿಂಗ್ ಮರೆತರೆ ಮ್ಯಾಗ್ನೆಟಿಕ್ ಸುಮ್ಮಸುಮ್ಮನೆ ಕುಣಿಯುತ್ತದೆ.

ಒಂದೊಂದು ಲೈನಿಗೂ ಅತಿ ಕಡಿಮೆ, ಅತಿ ಹೆಚ್ಚು ಹರಿವು, ಉಷ್ಣತೆ, ಒತ್ತಡ, ಪೈಪಿನ ಅಳತೆ ಬರೆದು, ಬೆಂಡುಗಳು ಕಾಣುವ ಹಾಗೆ ಫೋಟೋ ತೆಗೆದು ಕಳಿಸು. ಭಾನುವಾರ ಮನೆಗೆ ಬರುತ್ತೇನೆ, ಕೊಟೇಶನ್ ಅಲ್ಲೇ ನೋಡೋಣ; ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಅಮ್ಮನಿಗೆ ನೇಂದ್ರ ಚಿಪ್ಸ್ ತರುತ್ತಿದ್ದೇನೆ ಅಂತ ಹೇಳು. ಅಪ್ಪನ ಬಿ.ಪಿ. ನೋಡಿಸಿದೆಯಾ?

ನಿನ್ನ,
ಅಕ್ಕ