ಸ್ವರಾಜ್ ದ್ವೀಪದ ಕಡಲಡಿಯಲ್ಲಿ

ಅಂಡಮಾನ್ ಎಂದೊಡನೆ ನಮ್ಮ ಹಿರಿಯರಿಗೆ ಕರಿನೀರಿನ ನೆನಪಾಗುತ್ತಿದ್ದಿತು. ಅಲ್ಲಿಗೆ ಹೋದವರು ಹಿಂದಿರುಗುವುದಿಲ್ಲವೆಂಬುದೇ ಆ ಹೆಸರಿನ ಅರ್ಥವಾಗಿದ್ದಿತು. ಇಂದು ಅದೇ ಕಡಲನ್ನು ನೋಡಬೇಕೆಂದು ದೇಶದೇಶಗಳಿಂದ ಜನರು ಬರುತ್ತಾರೆ; ನೋಡುವುದು ಮಾತ್ರವಲ್ಲ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಅದರೊಳಕ್ಕೆ ಇಳಿದು, ಅರ್ಧ ಮುಕ್ಕಾಲು ಗಂಟೆಯ ಹೊತ್ತು ಮೀನುಗಳ ನಡುವೆ ಇದ್ದು ಬರುತ್ತಾರೆ. ಹಾಗೆ ಇಳಿದವರು ಸುಖವಾಗಿ ಹಿಂದಿರುಗುವುದು ಯಾವ ಎಚ್ಚರಿಕೆಯಿಂದ ಎಂಬುದನ್ನು ನಾವು ಅಲ್ಲಿ ಕಲಿತು ಬಂದೆವು. ಕಲಿತುದು ಸ್ವಲ್ಪ ನಾಚಿಕೆಪಟ್ಟುಕೊಂಡೇ ಆದುದರಿಂದ ವಾಚಕರಿಗೆ ಅದನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ಯುಕ್ತವೆಂದು ತೋರುತ್ತದೆ.

೨೦೨೪ರಲ್ಲಿ ಶ್ರೀ ವಿಜಯಪುರಂ ಎಂಬ ಹೆಸರನ್ನು ಪಡೆದ ಪೋರ್ಟ್ ಬ್ಲೇರ್ ರೇವಿನಿಂದ ನಾವೂ ನಮ್ಮ ಸೋದರಳಿಯನೂ ಬೆಳಗಿನ ಹಡಗನ್ನು ಹತ್ತಿದೆವು. ಸುಮಾರು ಎರಡು ಗಂಟೆಗಳ ಪ್ರಯಾಣ. ನೀರಿನ ಬಣ್ಣ ಮೊದಲು ಹಸುರು, ಆಮೇಲೆ ನೀಲಿ, ಆಳ ಹೆಚ್ಚಿದಂತೆಲ್ಲ ಮಸಿಯ ಹಾಗೆ ಗಾಢವಾಯಿತು. ಕಡೆಗೆ ದಟ್ಟವಾದ ಕಾಡನ್ನು ಹೊದ್ದುಕೊಂಡ ದ್ವೀಪವೊಂದು ಎದುರಿಗೆ ಕಾಣಿಸಿತು. ಅದೇ ಹ್ಯಾವ್‌ಲಾಕ್, ೨೦೧೮ರ ಡಿಸೆಂಬರಿನಿಂದ ಅದಕ್ಕೆ ಸ್ವರಾಜ್ ದ್ವೀಪವೆಂದು ಹೆಸರು.

ದೇಶವಿಭಜನೆಯ ತರುವಾಯ ಪೂರ್ವ ಬಂಗಾಳದಿಂದ ಮನೆಮಾರುಗಳನ್ನು ಬಿಟ್ಟು ಬಂದ ಸಂಸಾರಗಳಿಗೆ ಸರ್ಕಾರದವರು ಇಲ್ಲಿ ನೆಲವನ್ನು ಕೊಟ್ಟರು. ಅವರ ಮಕ್ಕಳು ಮೊಮ್ಮಕ್ಕಳೇ ಇಂದಿನ ಗ್ರಾಮಸ್ಥರು. ಅಡಕೆಯ ಮರ, ತೆಂಗಿನ ಮರ, ಗದ್ದೆಯ ಅಂಚಿನಲ್ಲಿ ಕಟ್ಟಿದ ಹಸು, ಇವುಗಳನ್ನು ನೋಡುತ್ತ ನಡೆದಾಗ ನಾವು ನಮ್ಮ ದಕ್ಷಿಣ ಕನ್ನಡದ ಯಾವುದೋ ಹಳ್ಳಿಯಲ್ಲಿ ಇರುವಂತೆಯೇ ತೋರಿತು. ಮಾತು ಮಾತ್ರ ಬಂಗಾಳಿ. ಪಶ್ಚಿಮಕ್ಕೆ ರಾಧಾನಗರದ ಬೆಳ್ಳನೆಯ ಮರಳಿನ ದಡ; ಪೂರ್ವದ ದಡದಲ್ಲಿ ಸ್ಕೂಬಾ ಕಲಿಸುವವರ ಗುಡಿಸಲುಗಳು.

ಕಡಲಲ್ಲಿ ಮುಳುಗುವುದು ನಮಗೆ ಹೊಸದಾಗಿರಲಿಲ್ಲ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿ ದ್ವೀಪದ ಬಂಡೆಗಳ ಬಳಿ ನಾವಿಬ್ಬರೂ ಕೆಲವು ಸಲ ಇಳಿದಿದ್ದೆವು. ಆದರೆ ಅಳಿಯನಿಗೆ ಡಿಕ್ಸನ್ಸ್ ಪಿನಾಕಲ್ ಎಂಬ ಮುಳುಗಡೆಯ ಶಿಖರವನ್ನು ಬುಡದವರೆಗೂ ನೋಡಬೇಕೆಂಬ ಆಸೆ. ಅದರ ನೆತ್ತಿಯೇ ನೀರಿನ ಮೇಲ್ಮೈಯಿಂದ ಸುಮಾರು ೧೮ ಮೀಟರು ಕೆಳಗಿದೆ. ಬುಡ ೩೦ ಮೀಟರನ್ನು ಮೀರುತ್ತದೆ. ಅಷ್ಟು ಆಳದಲ್ಲಿ ಬರಿಯ ಗಾಳಿಯನ್ನು ಉಸಿರಾಡುತ್ತ ಇರಬಹುದಾದ ಕಾಲ ಬಹು ಕಡಮೆ. ಆದುದರಿಂದ ನೈಟ್ರಾಕ್ಸ್ ಎಂಬ ಮಿಶ್ರವಾಯುವಿನ ಪಾಠವನ್ನು ಮೊದಲು ಕಲಿಯಬೇಕಾಯಿತು. ನಮಗೆ ಗುರುವಾಗಿ ದೊರೆತವರು ತಮಿಳುನಾಡಿನ ತರುಣಿಯೊಬ್ಬರು. ವಯಸ್ಸಿನಲ್ಲಿ ಕಿರಿಯರಾದರೂ ಮಾತಿನಲ್ಲಿ ಬಹು ಖಚಿತ.

ವಿಷಯವೇನೆಂದರೆ, ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ೨೧ ಪಾಲು ಆಮ್ಲಜನಕ. ಉಳಿದುದೆಲ್ಲವೂ ಹೆಚ್ಚು ಕಡಮೆ ಸಾರಜನಕವೇ. ನೆಲದ ಮೇಲೆ ಈ ಸಾರಜನಕದಿಂದ ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನೀರಿನಲ್ಲಿ ಹಾಗಲ್ಲ. ಪ್ರತಿ ಹತ್ತು ಮೀಟರಿಗೆ ವಾಯುಮಂಡಲದಷ್ಟೇ ಒತ್ತಡ ಇನ್ನೊಂದು ಪಟ್ಟು ಸೇರುತ್ತದೆ. ಒತ್ತಡ ಏರಿದಂತೆ ಸಾರಜನಕವು ರಕ್ತಮಾಂಸಗಳಲ್ಲಿ ಕರಗುತ್ತ ಹೋಗುತ್ತದೆ. ಗೋಲಿ ಸೋಡದ ಶೀಸೆಯನ್ನು ವಾಚಕರು ಬಲ್ಲರಷ್ಟೆ. ಗೋಲಿಯನ್ನು ಒತ್ತುವವರೆಗೂ ಒಳಗಿನ ನೀರು ತಿಳಿಯಾಗಿರುತ್ತದೆ. ಒತ್ತಿದೊಡನೆ ಬುರುಬುರನೆ ಗುಳ್ಳೆಗಳು ಏಳುತ್ತವೆ. ಆಳದಲ್ಲಿ ಬಹಳ ಹೊತ್ತು ಇದ್ದು ಅವಸರದಿಂದ ಮೇಲೇರಿದವನ ದೇಹದಲ್ಲಿಯೂ ಇದೇ ನಡೆಯುತ್ತದೆ. ಕೀಲುಗಳಲ್ಲಿ ನೋವು, ಕೈಕಾಲುಗಳಿಗೆ ಸ್ವಾಧೀನ ತಪ್ಪುವುದು, ಕೆಲವು ವೇಳೆ ಮರಣವೂ ಸಂಭವಿಸುತ್ತದೆ. ಜೆ. ಎಸ್. ಹ್ಯಾಲ್ಡೇನ್ ಎಂಬ ವಿದ್ವಾಂಸರು ಮೇಕೆಗಳ ಮೇಲೆ ಪರೀಕ್ಷೆ ಮಾಡಿ, ಎಷ್ಟು ಆಳದಿಂದ ಹೇಗೆ ಮೆಲ್ಲಗೆ ಏರಬೇಕೆಂಬ ಪಟ್ಟಿಯನ್ನು ೧೯೦೮ರಲ್ಲಿ ಪ್ರಕಟಿಸಿದರು. ಇಂದಿನ ಪಟ್ಟಿಗಳಿಗೆಲ್ಲ ಅದೇ ಮೂಲ.

ಹಾಗಾದರೆ ಸಾರಜನಕವನ್ನು ಸ್ವಲ್ಪ ಕಡಮೆ ಮಾಡಿ, ಆ ಜಾಗದಲ್ಲಿ ಆಮ್ಲಜನಕವನ್ನು ತುಂಬಿದರೆ ಆಗದೆ? ಅದೇ ನೈಟ್ರಾಕ್ಸ್. ನೂರಕ್ಕೆ ೩೨ ಪಾಲು ಮತ್ತು ೩೬ ಪಾಲು ಆಮ್ಲಜನಕವುಳ್ಳ ಎರಡು ಮಿಶ್ರಣಗಳು ಹೆಚ್ಚು ಬಳಕೆಯಲ್ಲಿವೆ. ೩೨ರ ಮಿಶ್ರಣವನ್ನು ಉಸಿರಾಡುತ್ತ ೩೦ ಮೀಟರಿನಲ್ಲಿ ಇರುವವನ ದೇಹಕ್ಕೆ, ಬರಿಯ ಗಾಳಿಯಲ್ಲಿ ಸುಮಾರು ೨೪ ಮೀಟರಿನಲ್ಲಿ ಇದ್ದರೆ ಸೇರುವಷ್ಟೇ ಸಾರಜನಕ ಸೇರುತ್ತದೆ. ಬಳಕೆಯಲ್ಲಿರುವ ಒಂದು ಪಟ್ಟಿಯ ಪ್ರಕಾರ ಗಾಳಿಯಲ್ಲಿ ೩೦ ಮೀಟರಿಗೆ ೨೦ ನಿಮಿಷ, ೨೫ ಮೀಟರಿಗೆ ೨೯ ನಿಮಿಷ ಕಾಲಾವಕಾಶ. ಈ ಎರಡರ ಅಂತರವೇ ಮಿಶ್ರಣದಿಂದ ಆಗುವ ಲಾಭ. ಇಷ್ಟನ್ನು ಕೇಳಿದ ನಮ್ಮ ಅಳಿಯನು, “ಹಾಗಾದರೆ ಇನ್ನೂ ಆಳಕ್ಕೆ ಹೋಗಬಹುದಲ್ಲವೆ?” ಎಂದು ಕೇಳಿದನು. ಗುರುಗಳು ನಕ್ಕು, “ಎಲ್ಲರೂ ಕೇಳುವ ಪ್ರಶ್ನೆಯೇ ಇದು. ಉತ್ತರ ಮಾತ್ರ ತಿರುಗುಮುರುಗು. ಹೆಚ್ಚು ಹೊತ್ತು ಇರಬಹುದು; ಹೆಚ್ಚು ಆಳಕ್ಕೆ ಹೋಗಕೂಡದು” ಎಂದರು.

ಅತಿಯಾದರೆ ಅಮೃತವೂ ವಿಷವೆಂದು ನಮ್ಮವರು ಹೇಳುತ್ತಾರೆ. ಆಮ್ಲಜನಕವೆಂಬ ಪ್ರಾಣವಾಯುವಿನ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜ. ಹೆಚ್ಚಿದ ಒತ್ತಡದಲ್ಲಿ ಅದು ನರಮಂಡಲಕ್ಕೆ ವಿಷವಾಗುವುದನ್ನು ಪಾಲ್ ಬೇರ್ ಎಂಬ ಫ್ರೆಂಚ್ ವಿಜ್ಞಾನಿ ೧೮೭೮ರಲ್ಲಿಯೇ ತೋರಿಸಿಕೊಟ್ಟರು. ಮೇಲೆ ಹೇಳಿದ ಹ್ಯಾಲ್ಡೇನರ ಮಗ ಜೆ. ಬಿ. ಎಸ್. ಹ್ಯಾಲ್ಡೇನ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ತಮ್ಮ ಮೈಮೇಲೆಯೇ ಇದನ್ನು ಪರೀಕ್ಷಿಸಿಕೊಂಡು, ಸೆಳವು ಬಂದು ಬೆನ್ನೆಲುಬಿಗೆ ಪೆಟ್ಟನ್ನು ತಂದುಕೊಂಡರು. ಈ ಮಹನೀಯರು ಮುಂದೆ ಭಾರತಕ್ಕೆ ಬಂದು ನೆಲಸಿ, ಇಲ್ಲಿಯ ಪ್ರಜೆಯೇ ಆಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಸೆಳವು ನೆಲದ ಮೇಲೆ ಬಂದರೆ ಬದುಕಿಕೊಳ್ಳಬಹುದು. ನೀರಿನೊಳಗೆ ಬಂದರೆ ಬಾಯಿಯಲ್ಲಿ ಕಚ್ಚಿಕೊಂಡಿರುವ ಉಸಿರಿನ ನಳಿಗೆ ಜಾರುತ್ತದೆ, ಮುಂದಿನದನ್ನು ಹೇಳಬೇಕಾಗಿಲ್ಲ. ಕಣ್ಣು ಮಂಜಾಗುವುದು, ಕಿವಿಯಲ್ಲಿ ಮೊರೆತ, ಓಕರಿಕೆ, ತುಟಿಯ ಅದುರುವಿಕೆ, ತಲೆ ಸುತ್ತು, ಇವು ಮುನ್ಸೂಚನೆಗಳು. ಕೆಲವು ಸಲ ಯಾವ ಸೂಚನೆಯೂ ಇಲ್ಲದೆ ಸೆಳವು ಬಂದುಬಿಡುವುದೂ ಉಂಟು.

ಆದಕಾರಣ ಆಮ್ಲಜನಕದ ಪಾಲಿನ ಒತ್ತಡ ವಾಯುಮಂಡಲದ ೧.೪ ಪಟ್ಟನ್ನು ಮೀರಬಾರದೆಂಬ ಎಲ್ಲೆಯನ್ನು ಇಟ್ಟುಕೊಂಡಿದ್ದಾರೆ. ೧.೬ ಎಂಬುದು ಆಪತ್ತಿಗೆ ಬಿಟ್ಟ ಅಂಚು. ಅದನ್ನು ಲೆಕ್ಕ ಹಾಕಿ ಬಳಸಿಕೊಳ್ಳುವಂತಿಲ್ಲ. ಈ ಎಲ್ಲೆಯಂತೆ ೩೨ರ ಮಿಶ್ರಣಕ್ಕೆ ೩೩ ಮೀಟರು, ೩೬ರ ಮಿಶ್ರಣಕ್ಕೆ ೨೮ ಮೀಟರು ಕಟ್ಟಕಡೆಯ ಆಳ. ಪ್ರಾಣವಾಯು ಹೆಚ್ಚಿದಷ್ಟೂ ಹೋಗಬಹುದಾದ ಆಳ ಕಡಮೆಯೆಂಬುದನ್ನು ವಾಚಕರು ಗಮನಿಸಬೇಕು.

ಸಿಲಿಂಡರಿನೊಳಗೆ ಯಾವ ಮಿಶ್ರಣವಿದೆಯೆಂಬುದು ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು, ನಾಲಗೆಗೂ ಹತ್ತದು. ಅದಕ್ಕೊಂದು ಪುಟ್ಟ ಅಳತೆಯಂತ್ರವುಂಟು. ಮೊದಲು ಅದನ್ನು ಹೊರಗಿನ ಗಾಳಿಗೆ ಹಿಡಿದು ೨೦.೯ ತೋರಿಸುವಂತೆ ಸರಿಪಡಿಸಿಕೊಳ್ಳಬೇಕು. ಆಮೇಲೆ ಸಿಲಿಂಡರಿನ ಗಾಳಿಯನ್ನು ಮೆಲ್ಲಗೆ ಅದರ ಮೇಲೆ ಬಿಟ್ಟು ಅಂಕಿ ನಿಲ್ಲುವವರೆಗೂ ಕಾಯಬೇಕು. ಬಂದ ಅಂಕಿಯನ್ನೂ, ಕಡೆಯ ಆಳವನ್ನೂ, ದಿನಾಂಕವನ್ನೂ, ತನ್ನ ಹೆಸರನ್ನೂ ಪಟ್ಟಿಯ ಮೇಲೆ ಬರೆದು ಸಿಲಿಂಡರಿಗೆ ಅಂಟಿಸಿ, ಪುಸ್ತಕದಲ್ಲಿ ರುಜು ಹಾಕಬೇಕು. ಕೈಗೆ ಕಟ್ಟುವ ಗಣಕಯಂತ್ರಕ್ಕೂ ಅದೇ ಅಂಕಿಯನ್ನು ಕೊಡಬೇಕು. “ಉಸಿರಾಡುವವನೇ ಅಳೆಯಬೇಕು, ಈ ಕೆಲಸವನ್ನು ನೆಂಟರಿಗೂ ಬಿಡಬಾರದು, ನನಗೂ ಬಿಡಬಾರದು” ಎಂದು ಗುರುಗಳು ಎರಡೆರಡು ಸಲ ಹೇಳಿದರು. ನಾವು ತಲೆದೂಗಿದೆವು. ಕಿವಿಯಿಂದ ಕೇಳುವುದಕ್ಕೂ ಮನಸ್ಸಿನಲ್ಲಿ ಇಟ್ಟುಕೊಳ್ಳುವುದಕ್ಕೂ ಎಷ್ಟು ದೂರವೆಂಬುದು ಮೂರನೆಯ ದಿನ ತಿಳಿಯಿತು.

ಅಂದು ನಮ್ಮ ಕಡೆಯ ಮುಳುಗು. ಮರುದಿನ ಮಧ್ಯಾಹ್ನ ವಿಮಾನ. ಪದೇ ಪದೇ ಮುಳುಗಿದವರು ವಿಮಾನ ಹತ್ತುವುದಕ್ಕೆ ಮೊದಲು ೧೮ ಗಂಟೆಗಳಾದರೂ ಕಳೆಯಬೇಕು. ಎತ್ತರದಲ್ಲಿ ಒತ್ತಡ ತಗ್ಗಿ ಅದೇ ಸೋಡದ ಗುಳ್ಳೆಯ ಕಥೆಯಾಗುತ್ತದೆ. ಆದುದರಿಂದ ಬೆಳಗ್ಗೆ ಒಂದೇ ಸಲ ಇಳಿಯುವುದೆಂದೂ, ಡಿಕ್ಸನ್ಸ್ ಶಿಖರದ ಬುಡವನ್ನು ೩೨ ಮೀಟರಿನವರೆಗೆ ನೋಡುವುದೆಂದೂ ನಿಶ್ಚಯವಾಗಿದ್ದಿತು. ಹಿಂದಿನ ಸಂಜೆ ಸಿಲಿಂಡರುಗಳನ್ನು ಅಳೆಯುವ ಹೊತ್ತಿಗೆ ನಾವು ರಾಧಾನಗರದಲ್ಲಿ ಸೂರ್ಯಾಸ್ತವನ್ನು ನೋಡುತ್ತ ನಿಂತಿದ್ದೆವು. ಹಿಂದಿರುಗಿದಾಗ ಕತ್ತಲಾಗಿದ್ದಿತು. ನಮ್ಮ ಪಾಲಿನ ಸಿಲಿಂಡರಿನ ಮೇಲೆ ೩೨ ಎಂದು ಯಾರೋ ಆಗಲೇ ಬರೆದಿದ್ದರು. ನಾವು ಅದನ್ನು ನಂಬಿ ಪುಸ್ತಕದಲ್ಲಿ ರುಜು ಹಾಕಿ ಊಟಕ್ಕೆ ಹೊರಟೆವು.

ಬೆಳಗ್ಗೆ ದೋಣಿ ದಡವನ್ನು ಬಿಟ್ಟು ಅರ್ಧ ದಾರಿ ಬಂದಿದ್ದಿತು. ಅಳಿಯನು ನಮ್ಮ ಸಿಲಿಂಡರಿನ ಪಟ್ಟಿಯನ್ನು ನೋಡಿ, “ಮಾವ, ಇದು ನಿಮ್ಮ ಅಕ್ಷರವಲ್ಲವಲ್ಲ. ನೀವು ಅಳೆದು ನೋಡಿದಿರಾ?” ಎಂದನು.

“ಬರೆದಿದೆಯಲ್ಲಪ್ಪ” ಎಂದೆವು.

“ಬರೆದಿರುವುದನ್ನು ಕೇಳಲಿಲ್ಲ ಮಾವ, ನೀವು ಅಳೆದಿರಾ ಎಂದು ಕೇಳಿದೆ.”

ಎತ್ತಿ ಆಡಿಸಿದ ಹುಡುಗನ ಎದುರಿಗೆ ನಮಗೆ ಉತ್ತರ ಹೊಳೆಯಲಿಲ್ಲ. ಗುರುಗಳು ಏನೊಂದನ್ನೂ ಹೇಳದೆ ಚೀಲದಿಂದ ಅಳತೆಯಂತ್ರವನ್ನು ತೆಗೆದು ನಮ್ಮ ಕೈಗೇ ಕೊಟ್ಟರು. ಅಂಕಿ ಏರುತ್ತ ಏರುತ್ತ ೩೨ನ್ನು ದಾಟಿ ೩೬ರಲ್ಲಿ ನಿಂತಿತು. ಮತ್ತೊಮ್ಮೆ ಸರಿಪಡಿಸಿ ನೋಡಿದೆವು, ಆಗಲೂ ೩೬.

೩೨ ಮೀಟರಿನಲ್ಲಿ ನೀರಿನದೂ ಗಾಳಿಯದೂ ಸೇರಿ ೪.೨ ಪಟ್ಟು ಒತ್ತಡ. ಮಿಶ್ರಣ ೩೨ ಆಗಿದ್ದರೆ ಆಮ್ಲಜನಕದ ಪಾಲು ೧.೩೪, ೩೬ ಆದುದರಿಂದ ೧.೫೧. ಇಳಿದಿದ್ದರೆ ಕೇಡು ಆಗಿಯೇ ತೀರುತ್ತಿದ್ದಿತೆಂದು ನಾವು ಹೇಳಲಾರೆವು. ಏನೂ ಆಗದೆಯೂ ಇರಬಹುದಾಗಿದ್ದಿತು. ಆದರೆ ಎಲ್ಲೆಯನ್ನು ದಾಟಿದ್ದೇವೆಂಬುದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಕೈಯ ಯಂತ್ರವೂ ನಾವು ಕೊಟ್ಟ ಸುಳ್ಳು ಅಂಕಿಯನ್ನೇ ನಂಬಿಕೊಂಡು ಸುಮ್ಮನಿರುತ್ತಿದ್ದಿತು. ತುಂಬಿದವರದು ತಪ್ಪು, ನಿಜ. ಆದರೆ ರುಜು ನಮ್ಮದು.

ದೋಣಿಯಲ್ಲಿ ಬೇರೆ ಸಿಲಿಂಡರು ಇರಲಿಲ್ಲ. ಜೊತೆಯಾಗಿ ಇಳಿಯುವವರಲ್ಲಿ ಯಾರ ಎಲ್ಲೆ ಕಡಮೆಯೋ ಎಲ್ಲರೂ ಅದಕ್ಕೇ ನಿಲ್ಲಬೇಕೆಂಬುದು ನಿಯಮ. “೨೮ ಮೀಟರು. ಅದರ ಕೆಳಗೆ ಯಾರೂ ಹೋಗುವುದಿಲ್ಲ” ಎಂದರು ಗುರುಗಳು. ನಾವು ದೋಣಿಯಲ್ಲಿಯೇ ಉಳಿಯುತ್ತೇವೆ, ನೀವಿಬ್ಬರೂ ಬುಡವನ್ನು ನೋಡಿ ಬನ್ನಿ ಎಂದು ನಾವು ಹೇಳಿದೆವು. ಅಳಿಯನು ಕ್ಷಣಕಾಲ ಕಡಲನ್ನು ನೋಡಿದನು. “ಬೇಡ ಮಾವ, ಒಟ್ಟಿಗೆ ಬಂದಿದ್ದೇವೆ, ಒಟ್ಟಿಗೇ ಇಳಿಯೋಣ” ಎಂದು ಹೇಳಿ ಮುಖವಾಡವನ್ನು ತೊಳೆಯತೊಡಗಿದನು. ವರ್ಷವೆಲ್ಲ ಹಣ ಕೂಡಿಸಿ ಬಂದಿದ್ದ ಹುಡುಗ ಅವನು. ನಾವು ಗಣಕಯಂತ್ರಕ್ಕೆ ೩೬ ಎಂದು ಕೊಟ್ಟು, ಪಟ್ಟಿಯನ್ನು ಹರಿದು, ನಮ್ಮ ಕೈಯಾರೆ ಹೊಸದಾಗಿ ಬರೆದು ಅಂಟಿಸಿದೆವು.

ಹಗ್ಗವನ್ನು ಹಿಡಿದು ಇಳಿದೆವು. ಶಿಖರದ ನೆತ್ತಿ ಮೊದಲು ನೆರಳಿನಂತೆ, ಆಮೇಲೆ ಹೂಬಿಟ್ಟ ಗುಡ್ಡದಂತೆ ಕಾಣಿಸಿತು. ಮೆತ್ತನೆಯ ಹವಳಗಳು ಪ್ರವಾಹಕ್ಕೆ ತೂಗುತ್ತಿದ್ದವು. ೨೦೧೦ರಲ್ಲಿ ಕಡಲು ಕಾದು ಅಂಡಮಾನಿನ ಹವಳಗಳು ಬೆಳ್ಳಗಾಗಿ ಬಹಳ ನಾಶವಾದುವು. ಆಳವಾದ ಈ ಬಂಡೆಗಳ ಮೇಲೆ ಇನ್ನೂ ಬಣ್ಣ ಉಳಿದಿರುವುದನ್ನು ಕಂಡು ಸಂತೋಷವಾಯಿತು. ಹಳದಿಗೆರೆಯ ಸಣ್ಣ ಮೀನುಗಳು ಗಾಳಿಗೆ ಹಾರುವ ತರಗೆಲೆಗಳಂತೆ ಹಿಂಡುಹಿಂಡಾಗಿ ತಿರುಗಿದುವು. ನಮ್ಮ ಕರಾವಳಿಯವರು ಮುರುಮೀನು ಎನ್ನುವ ಜಾತಿಯ ದೊಡ್ಡ ಮೀನೊಂದು ಸಂದಿನಲ್ಲಿ ಕುಳಿತು ಯಜಮಾನನಂತೆ ನಮ್ಮನ್ನು ನೋಡಿತು. ೨೮ ಮೀಟರಿಗೆ ಸ್ವಲ್ಪ ಮೇಲೆ ನಾವು ನಿಂತೆವು. ಕೆಳಗೆ ನಾಲ್ಕೇ ಮೀಟರಿನ ದೂರದಲ್ಲಿ ಬುಡದ ಮರಳು. ಅದರ ಮೇಲೆ ಅಗಲವಾದ ತೊರಕೆ ಮೀನೊಂದು ಅರ್ಧ ಹುದುಗಿ ಮಲಗಿದ್ದಿತು. ಅಳಿಯನು ಅದನ್ನು ಕಂಡನು. ನಮ್ಮ ಕಡೆಗೆ ತಿರುಗಿ ಬೆರಳಿನಿಂದ ತೋರಿಸಿದನು. ಆದರೆ ಒಂದು ಮೊಳವೂ ಕೆಳಕ್ಕೆ ಇಳಿಯಲಿಲ್ಲ. ನಾಲ್ಕು ಮೀಟರು ನೆಲದ ಮೇಲೆ ಒಂದು ಕೋಣೆಯ ಉದ್ದ. ಅಂದು ಅದು ನಮಗೆ ಲಕ್ಷ್ಮಣರೇಖೆಯಾಗಿದ್ದಿತು.

ಏರುವಾಗ ಮಿನಿಟಿಗೆ ಒಂಬತ್ತು ಮೀಟರಿಗೆ ಮೀರದಂತೆ, ಉಸಿರು ಕಟ್ಟದೆ, ಮೆಲ್ಲಗೆ ಏರಿದೆವು. ಐದು ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ನೈಟ್ರಾಕ್ಸ್ ಕಟ್ಟಿಕೊಂಡಿದ್ದೇವೆಂದು ಈ ನಿಲುಗಡೆಯನ್ನು ಬಿಡುವಂತಿಲ್ಲ. ಆಳದಲ್ಲಿ ತಲೆಗೇರುವ ಮಂಕು ಇದರಿಂದ ಕಡಮೆಯಾದೀತೆಂದು ನಂಬುವಂತೆಯೂ ಇಲ್ಲ.

ಸಂಜೆ ಸಿಲಿಂಡರು ತುಂಬುವವರಿಗೆ ವಿಷಯವನ್ನು ತಿಳಿಸಿ, ಪುಸ್ತಕದಲ್ಲಿ ನಮ್ಮ ರುಜುವಿನ ಪಕ್ಕದಲ್ಲಿ ನಿಜವಾದ ಅಂಕಿಯನ್ನು ಬರೆದು, ಅಳೆಯದೆ ರುಜು ಹಾಕಿದ್ದೆವೆಂದೂ ಸೇರಿಸಿದೆವು. ಬರೆಯುವಾಗ ಕೈ ಸ್ವಲ್ಪ ತಡೆಯಿತು. ಮನೆಗೆ ಬಂದ ಮೇಲೆ ತಂಗಿಯು, “ಅಣ್ಣ, ಹುಡುಗನನ್ನು ಚೆನ್ನಾಗಿ ನೋಡಿಕೊಂಡೆಯಷ್ಟೆ?” ಎಂದು ಕೇಳಿದಳು. ನಾವು ನಡೆದುದನ್ನೆಲ್ಲ ಹೇಳಿ, ನೋಡಿಕೊಂಡವನು ಅವನೇ ಎಂದೆವು. ತೊರಕೆಯನ್ನು ಹತ್ತಿರದಿಂದ ನೋಡಲಾಗಲಿಲ್ಲವಲ್ಲ ಎಂದು ಅವನು ಈಗಲೂ ಆಗಾಗ ಹೇಳುವುದುಂಟು. ಮುಂದಿನ ಚಳಿಗಾಲಕ್ಕೆ ಮತ್ತೆ ಹೊರಡುವುದೆಂದು ನಿಶ್ಚಯವಾಗಿದೆ. ಈ ಸಲ ಅಳತೆಯ ಹೊತ್ತಿಗೆ ಸೂರ್ಯನು ನಾವಿಲ್ಲದೆಯೇ ಮುಳುಗಲಿ.