ಬಲ್ಬ್ ಉರೀತಾನೇ ಇತ್ತು

ಹತ್ತನೇ ತರಗತಿಗೆ ವಿದ್ಯುನ್ಮಂಡಲದ ಪಾಠ. ಪಾಠೋಪಕರಣವಾಗಿ ಸೋದರಮಾವನ ಮಾದರಿ ರೈಲನ್ನು ಒಯ್ದಿದ್ದೆ. ಹಳಿಗಳ ಅಂತರ 16.5 ಮಿ.ಮೀ.; 12 ವೋಲ್ಟ್ ನೇರ ವಿದ್ಯುತ್ ಹಳಿಗಳಿಂದ ಚಕ್ರಗಳ ಮೂಲಕ ಮೋಟಾರಿಗೆ ಹೋಗುತ್ತದೆ. ಎರಡು ಹಳಿಗಳ ನಡುವೆ ಒಂದು ಪುಟ್ಟ ಬಲ್ಬನ್ನೂ ಜೋಡಿಸಿದ್ದೆ.

ಹಳಿ ಕವಲೊಡೆಯುವ ಪಾಯಿಂಟ್ ಮೇಲೆ ಬಂದೊಡನೆ ಇಂಜಿನ್ ನಿಂತಿತು. ತಳ್ಳಿದರೆ ಓಡಿತು, ಮುಂದಿನ ಸುತ್ತಿನಲ್ಲಿ ಮತ್ತೆ ಅಲ್ಲೇ ನಿಂತಿತು. ವೀಕ್ಷಣೆಗೆ ಹಿಂದೆ ಕುಳಿತಿದ್ದ ಮೇಡಂ ಪೆನ್ನು ಎತ್ತಿಕೊಂಡರು. ಗಾಬರಿಯಲ್ಲಿ "ಶಾರ್ಟ್ ಸರ್ಕ್ಯೂಟ್ ಆಗಿದೆ" ಎಂದುಬಿಟ್ಟೆ.

"ಬಲ್ಬ್ ಉರೀತಾನೇ ಇದೆಯಲ್ಲ ಸರ್?" ಎಂದಳು ಮೂರನೇ ಸಾಲಿನ ಹುಡುಗಿ.

ಹೌದು, ಶಾರ್ಟ್ ಆಗಿದ್ದರೆ ಅದು ಆರಬೇಕಿತ್ತು. ಏನಾದರೂ ಹೇಳಿ ಜಾರಿಕೊಳ್ಳೋಣವೆನಿಸಿತು. ಆದರೆ "ನಾನು ಹೇಳಿದ್ದು ತಪ್ಪು" ಎಂದು ಮಲ್ಟಿಮೀಟರನ್ನು ಅವಳ ಕೈಗೇ ಕೊಟ್ಟೆ. ಒಂದು ತುದಿಯನ್ನು ಎದುರಿನ ಹಳಿಗಿಟ್ಟು, ಇನ್ನೊಂದರಿಂದ ಹೊರಹಳಿ ಮುಟ್ಟಿದಾಗ 12 ತೋರಿಸಿತು. ಅತ್ತಿತ್ತ ಸರಿಯುವ ನಾಲಿಗೆಯಂಥ ಹಳಿ ಮುಟ್ಟಿದಾಗ ಸೊನ್ನೆ. ಈ ನಾಲಿಗೆಗೆ ವಿದ್ಯುತ್ ಬರುವುದು ಅದು ಹೊರಹಳಿಗೆ ತಾಗಿದರಷ್ಟೇ. ತಾಗುವ ಜಾಗದಲ್ಲಿ ಕಪ್ಪು ಜಿಡ್ಡು! ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿದ ಮೇಲೆ ರೈಲು ಓಡಿತು.

ಓಮ್‌ನ ನಿಯಮಕ್ಕೆ ಬರಲೇ ಇಲ್ಲ. ಸಮಯಪಾಲನೆಯಲ್ಲಿ ಮೇಡಂ ಅಂಕ ಕಡಿತ ಮಾಡಿದರು; ನ್ಯಾಯವೇ.

ಮನೆಯಲ್ಲಿ ಹೊರಹಳಿಯಿಂದ ನಾಲಿಗೆಗೆ ತೆಳು ತಂತಿ ಬೆಸೆದೆ. ನಮ್ಮ ಪಾಯಿಂಟಿನಲ್ಲಿ ಹಳಿಗಳು ಕೂಡುವ ಮೂಲೆ ಪ್ಲಾಸ್ಟಿಕ್ಕಿನದು, ಹಾಗಾಗಿ ನಡೆಯಿತು. ಪೂರ್ತಿ ಲೋಹದ್ದಾಗಿದ್ದರೆ ಆ ತಂತಿಯಿಂದಲೇ ನಿಜವಾದ ಶಾರ್ಟ್ ಆಗಬಹುದಿತ್ತು. ಮುಂದಿನ ಪಾಠದ ದಿನ ಅವಳಿಗೆ ತೋರಿಸಿದೆ.

"ಎರಡೂ ನಾಲಿಗೆಗೂ ಹಾಕಿದ್ರಾ ಸರ್?"

ಒಂದಕ್ಕೆ ಮಾತ್ರ ಹಾಕಿದ್ದೆ.